ಬನ್ನಿ ಎಲಿಯ ವಾಚು

೮ ಜುಲೈ ೨೦೨೫, ಮಂಗಳವಾರ

ಪ್ಲಾಸ್ಟರ್ ಬಿಚ್ಚಿದ್ರು. ಒಳಗಿಂದ ಬಂದದ್ದು ನನ್ನ ಕೈ ಅಲ್ಲ, ಯಾವದೋ ಮುದಿಕೀದು. ದವಾಖಾನಿ ಹುಡುಗಿ, ದಿನಾ ನಾಕ ಸಾಲ ಬರೀರಿ, ಬೆರಳ ಸಡ್ಲ ಆಗ್ತಾವ ಅಂದ್ಲಂತ. ಸೊಸಿ ತಿಳಿಸಿ ಹೇಳಿದ್ಲು. ನಾಕನೇ ಇಯತ್ತೆಗೆ ಸಾಲಿ ಬಿಟ್ಟಾಕಿ ನಾ, ಏನ ಬರೀಲಿ? ನೋಯಾಕತ್ತೈತಿ. ನಾಕ ಸಾಲ ಆತು.

೧೧ ಜುಲೈ, ಶುಕ್ರವಾರ

ಹೆಂಗ ಬಿದ್ರಿ ಅಂತ ಕಂಡವರೆಲ್ಲಾ ಕೇಳ್ತಾರ. ಸೊಸಿ ಸೌಜನ್ಯಾಗ ಬೈಕೋತ ಮೆಟ್ಲ ಇಳಿಯಾಕತ್ತಿದ್ದೆ. ಬೈಗಳದ ಕಡೆ ಲಕ್ಷ್ಯ ಇತ್ತು, ಕಾಲಿನ ಕಡೆ ಇರಲಿಲ್ಲ. ಮುಂಗೈ ಮುರೀತು. ಈಗ ಅಕೀನ ನನಗ ಸೀರಿ ಉಡಿಸ್ತಾಳ. ನಿರಿಗಿ ಹಿಡಿಯಾಕ ಬರಂಗಿಲ್ಲ, ಜ್ವಾಳದ ಚೀಲದ ಬಾಯಿ ಕಟ್ಟಿದಂಗ ಕಟ್ತಾಳ. ಈ ಪರದೇಶದ ಗ್ರೀನ್‌ಫರ್ಡ್‌ದಾಗ ಮುದಿಕೀನ ಯಾರ ನೋಡ್ತಾರ ಅಂತ ಧೈರ್ಯ ಅಕಿಗೆ.

೨೦ ಜುಲೈ, ರವಿವಾರ

ಈಗ ಹೊಸಾ ಅಭ್ಯಾಸ. ಒಂದು ತಾಟಿನ ತೊಗರಿಕಾಳು ಒಂದೊಂದ ಹಿಡದು ಇನ್ನೊಂದು ತಾಟಿಗೆ ಹಾಕಬೇಕಂತ. ಮುಗಿದ ಮ್ಯಾಲೆ ತಿರುಗಿ ಅದನ್ನ ಮಾಡಬೇಕಂತ. ಇಂಥಾ ಕೆಲಸ ನಮ್ಮ ಊರಾಗ ಹುಚ್ಚರಿಗೂ ಕೊಡೂದಿಲ್ಲ. ಬ್ಯಾಸತ್ತು ಎದ್ದು ಮಗ ಶಂಕರನ ಸಣ್ಣ ಖೋಲಿಗೆ ಹೋದೆ.

ಅವ ಗೋದಾಮಿನ್ಯಾಗ ಮಂದಿ ಮ್ಯಾಲೆ ಹುಕುಂ ಮಾಡೂ ಮನುಷ್ಯಾ. ರವಿವಾರ ಬಂತಂದ್ರ ಆ ಖೋಲ್ಯಾಗ ಬಾಗಲಾ ಹಾಕ್ಕೊಂಡು ಕುಂದರ್ತಾನ. ಇಷ್ಟ ವರ್ಷ ಕೇಳಿರಲಿಲ್ಲ. ಗಂಡಸ್ರು ಬಾಗಲಾ ಹಾಕ್ಕೊಂಡ್ರ ಕೇಳಬಾರದು. ಇವತ್ತ ಒದ್ದ ತಗದೆ, ಕೈ ಬರಂಗಿಲ್ಲಲ್ಲ.

ಒಂದು ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು, ಕೈಯಾಗ ಚಿಮಟಾ ಹಿಡದು, ಒಂದು ವಾಚಿನ ಮ್ಯಾಲೆ ಬಾಗಿ ಕುಂತಿದ್ದ.

"ಏನೋ ಇದು? ರಿಪೇರಿ ಅಂಗಡಿ ಹಾಕೀಯೇನ?"

"ಇಲ್ಲ ಬೇ ಅವ್ವಾ. ವಾಚು ಕೂಡಿಸಾಕತ್ತೇನಿ."

"ಕೂಡಿಸಿದ್ದು ಬಜಾರದಾಗ ಸಿಗಂಗಿಲ್ಲೇನ?"

"ಸಿಗತೈತಿ. ಇಂಥಾದ್ದ ತಗೋಬೇಕಂದ್ರ ಮನಿ ಮಾರಬೇಕು."

ಆಮ್ಯಾಲೆ ಕೂಸು ಗೊಂಬಿ ತೋರಿಸಿದಂಗ ಎಲ್ಲಾ ತೋರಿಸಿದ. ದೊಡ್ಡ ಕಂಪನಿ ವಾಚು ಹೆಂಗಿರತೈತೋ ಹಂಗ ಅಚ್ಚ ಹಾಕಿದ ಕವಚ ಒಂದು ಕಡೆಯಿಂದ ತರಸ್ತಾನಂತ, ಮುಖ ಇನ್ನೊಂದು ಕಡೆಯಿಂದ, ಮುಳ್ಳು ಮತ್ತೊಂದು ಕಡೆಯಿಂದ. ಒಳಗ ಓಡೂ ಮಷೀನು ಬ್ಯಾರೆ. ಎಲ್ಲಾ ಕೂಡಿಸಿ, ತಿಕ್ಕಿ, ಹೊಳಪ ಕೊಟ್ಟು, ತನಗ ಬೇಕಾದಂಗ ಬದಲ ಮಾಡಿ ಕೈಗೆ ಕಟ್ಕೋತಾನ. ಮುಖದ ಮ್ಯಾಲೆ ಆ ಕಂಪನಿ ಹೆಸರೂ ಇತ್ತು.

"ಅಂದ್ರ ಖೊಟ್ಟಿ," ಅಂದೆ.

"ರೆಪ್ಲಿಕಾ ಅಂತಾರವ್ವ ಇದಕ್ಕ."

"ಖೊಟ್ಟಿಗೆ ಇಂಗ್ಲಿಷ್ ಹೆಸರ ಇಟ್ರ ಖರೇ ಆಗ್ತೈತೇನೋ? ಯಾರಿಗರೆ ಮಾರ್ತಿಯೇನ?"

"ಒಂದೂ ಮಾರಿಲ್ಲ. ಮಾಡೂದ ಖುಷಿ ನನಗ."

ಚಿಮಟಾ ಕಸಕೊಂಡೆ. ಒಂದು ಸ್ಕ್ರೂ ಹಿಡದೆ. ಸಾಸಿವಿಗಿಂತ ಸಣ್ಣದು. ಹಿಡದೆ ಅನ್ನೂದ್ರಾಗ ಟಿಣ್ ಅಂತ ಹಾರಿ ಹೋತು. ಶಂಕರ, ನಾನು, ಸೌಜನ್ಯಾ, ಮೂರೂ ಮಂದಿ ಮೊಣಕಾಲ ಊರಿ ಕಾರ್ಪೆಟ್ ಹುಡುಕಿದ್ವಿ. ಸಿಗಲಿಲ್ಲ. ಸಂಜಿಕ ನನ್ನ ಸೆರಗಿನ್ಯಾಗ ಸಿಕ್ತು.

ತೊಗರಿಕಾಳಿಗಿಂತ ಇದು ಚಲೋ.

೨೭ ಜುಲೈ, ರವಿವಾರ

ಶಂಕರ ನನಗ ಆಡಾಕ ಒಂದು ಸತ್ತ ಮಷೀನು ಕೊಟ್ಟಾನ. ಗಟ್ಟಿ ಹಿಡದ್ರ ಸ್ಕ್ರೂ ಹಾರತೈತಿ, ಸಡ್ಲ ಹಿಡದ್ರ ಬೀಳತೈತಿ. ಹತ್ತ ಸಲ ಬೀಳಿಸಿ ಹತ್ತ ಸಲ ಅದಕ್ಕ ಬೈದೆ. "ಅವ್ವಾ, ಮಾತಾಡ್ಕೋತ ಇದು ಆಗಂಗಿಲ್ಲ. ಉಸಿರ ಬಿಡು, ಬಾಯಿ ಮುಚ್ಚು, ಆಮ್ಯಾಲೆ ಇಡು," ಅಂದ.

ಬಾಯಿ ಮುಚ್ಚು ಅಂದಿದ್ದಕ್ಕ ಬಾಗಲದಾಗ ನಿಂತ ಸೌಜನ್ಯಾ ನಕ್ಲು. ನಾ ನೋಡೇನಿ.

೯ ಆಗಸ್ಟ್, ಶನಿವಾರ

ಬರಿಯೂದು ಭಾಳ ಐತಿ ಇವತ್ತ.

ಮೊಮ್ಮಗಳು ಭುವನೇಶ್ವರಿ ಒಬ್ಬ ಹುಡುಗನ ಒಪ್ಪ್ಯಾಳ. ಮಯೂರ ಅಂತ. ಅವನ ಮನಿಯವರು ಇಲ್ಲೇ ಹತ್ತರದ ಪಿನ್ನರ್‌ನಿಂದ ಬಂದಿದ್ರು. ಮೈಸೂರು ಕಡೆಯವರು, ಅಪ್ಪ ಅವ್ವ ಇಬ್ಬರೂ ಡಾಕ್ಟರು. ಅವ್ವ ವೈದೇಹಿ, ಮಾತು ತುಪ್ಪದಾಗ ಅದ್ದಿದಂಗ. ಅಪ್ಪ ಸತ್ಯನಾರಾಯಣ, ಆ ಮನುಷ್ಯಾಗ ಮಾತ ಇಲ್ಲ. ನನ್ನ ಚಕ್ಕುಲಿ ತಿಂದದ್ದ ಅವನ ಮಾತು.

ಎಲ್ಲಾ ಸರಳ ನಡದಿತ್ತು. ಅಷ್ಟರಾಗ ಮಯೂರ ಶಂಕರನ ಮುಂಗೈ ನೋಡಿ "ವಾವ್ ಅಂಕಲ್!" ಅಂದು ಆ ಕಂಪನಿ ಹೆಸರ ಹೇಳಿದ. ವೈದೇಹಿ ಚಾ ಕಪ್ಪು ಕೆಳಗಿಟ್ಟು ತಿರುಗಿ ನೋಡಿದ್ಲು.

"ಹೌದಾ? ಅದಕ್ಕೆ ವರ್ಷಗಟ್ಲೆ ಕಾಯಬೇಕಂತಲ್ಲ? ನಮ್ಮ ಆಸ್ಪತ್ರೇಲಿ ಒಬ್ರು ಇನ್ನೂ ಕಾಯ್ತಾನೇ ಇದಾರೆ."

ಶಂಕರ ಏನಂದ? ಏನೂ ಅನ್ಲಿಲ್ಲ. ನಕ್ಕ. ಬಾಯಿಲೆ ಸುಳ್ಳ ಹೇಳಿದ್ರ ನಾಳೆ ಇಲ್ಲ ಅನ್ನಬಹುದು, ನಕ್ಕ ಸುಳ್ಳಿಗೆ ಹೆಂಗ ಇಲ್ಲ ಅಂತಿ? ಅವ ನಕ್ಕದ್ದ ನೋಡಿ ಸೌಜನ್ಯಾ ಗಾಬರ್ಯಾದ್ಲು. ಗಾಬರ್ಯಾದ್ರ ಅಕಿಗೆ ಮಾತು ಹೆಚ್ಚು. "ನಮ್ಮ ಕಡೆ ನಿಶ್ಚಯದಾಗ ಅಳಿಯಗ ವಾಚು ಕೊಡೂ ಪದ್ಧತಿ ಐತ್ರಿ. ಮಯೂರಗೂ ಇಂಥಾದ್ದ ಒಂದು," ಅಂದಬಿಟ್ಲು.

"ಅಯ್ಯೋ, ಅಷ್ಟೆಲ್ಲಾ ಯಾಕೆ," ಅಂತು ಆ ಬಾಯಿ. ಕಣ್ಣು ಮಾತ್ರ ಇನ್ನೊಂದು ಸಲ ವಾಚು ನೋಡ್ದುವು.

ನಿಶ್ಚಯ ದಸರಾ ದಿನ, ನಮ್ಮ ಮನ್ಯಾಗ. ಶನಿವಾರ ಇಟ್ಕೊಳ್ಳೋಣ ಅಂದ್ರು ಅವರು. ದಸರಾ ಅಂದ್ರ ದಸರಾ ಅಂದೆ ನಾ.

೧೦ ಆಗಸ್ಟ್, ರವಿವಾರ

ಮುಂಜಾನೆ ಮಗನ್ನ, ಸೊಸೀನ್ನ ಇಬ್ಬರನ್ನೂ ಮುಂದ ಕುಂದರಿಸಿ ಕೇಳಿದೆ, ಏನ ಮಾಡಾವ್ರು ಅಂತ.

"ಒಂದು ಚಂದಂಗ ಮಾಡಿ ಕೊಡ್ತೇನವ್ವ. ಯಾರಿಗೂ ಗೊತ್ತಾಗಂಗಿಲ್ಲ," ಅಂದ ಶಂಕರ.

"ಮುಂದ ಅದು ಕೆಟ್ಟು, ಅವ ಆ ಕಂಪನಿ ಅಂಗಡಿಗೇ ಒಯ್ದ್ರ?"

ಸೌಜನ್ಯಾ ಚಾ ಕಪ್ಪು ಎತ್ತಾಕ ಎದ್ಲು, ಕುಂದರಿಸಿದೆ.

ನನ್ನ ಲಗ್ನದಾಗ ನಮ್ಮಪ್ಪ ನಮ್ಮ ಮನಿಯವರಿಗೆ, ನಾಗಲಿಂಗಪ್ಪನವರಿಗೆ, ಒಂದು ವಾಚು ಕೊಟ್ಟಿದ್ದ. ಯಾವನೋ ಸಂತ್ಯಾಗ ಟೋಪಿ ಹಾಕಿ ಮಾರಿದ್ದ ಅವಗ. ಕಾರಹುಣ್ಣಿವಿ ಬರೂದ್ರಾಗ ನಿಂತ ಹೋತು. ಮನಿಯವರು ಏನೂ ಅನ್ಲಿಲ್ಲ, ಸುಮ್ಮನ ಕಟ್ಕೊಂಡು ತಿರಗಿದ್ರು. ಅವರವ್ವ ಬಿಡಲಿಲ್ಲ. ರೊಟ್ಟಿ ಬಡಿಯೂದು ನಿಲ್ಲಿಸಿ ಬೆನ್ನ ನೆಟ್ಟಗ ಮಾಡಿದ್ರ ಸಾಕು, "ಯಾಕ, ನಿಮ್ಮಪ್ಪನ ವಾಚಿನಂಗ ನಿಂತಿ?" ನೀರ ತರೂದು ತಡ ಆದ್ರ, "ನಿಮ್ಮಪ್ಪನ ವಾಚು ನೋಡ್ಕೊಂಡು ಹೋಗಿದ್ದೇನ?" ಸಾಯೂ ಮುಂದೂ ನನ್ನ ನೋಡಿ, "ನಿಂತಿಯೇನ ಇಲ್ಲೇ?" ಅಂದ್ಲು. ಆಗ ಪ್ರೀತಿಲೆ ಅಂದಳೋ ಏನೋ, ನನಗ ವಾಚ ನೆನಪಾತು.

ಇದನ್ನ ಅವರಿಬ್ಬರಿಗೂ ಹೇಳಿದೆ. ನನ್ನ ಮೊಮ್ಮಗಳು ಆ ಪಿನ್ನರ್ ಮನ್ಯಾಗ ಇಂಥಾ ಮಾತು ಒಂದ ದಿನಾನೂ ಕೇಳಬಾರದು. ಸೌಜನ್ಯಾ ಕಣ್ಣ ಒರೆಸಿಕೊಂಡ್ಲು. ಮಾಡೂದ ಮಾಡಿ ಅಳೂದು.

೧೪ ಆಗಸ್ಟ್, ಗುರುವಾರ

ಭುವಿ ಬಂದಿದ್ಲು. "ಅಜ್ಜಿ, ಮಯೂರ್ ವೋಂಟ್ ಕೇರ್. ರಿಯಲಿ."

"ಅವ ಕೇರ್ ಮಾಡಂಗಿಲ್ಲ. ಅವರವ್ವ ಮಾಡ್ತಾಳ."

"ನಾನೇ ಹೇಳ್ಲಾ ಅವ್ರಿಗೆ?"

"ನೀ ಹೇಳಿದ್ರ ಅಪ್ಪನ ತಪ್ಪಿಗೆ ಮಗಳು ಕ್ಷಮಾ ಕೇಳಿದಂಗ. ಸುಮ್ಮನಿರು."

ಸುಮ್ಮನಿರು ಅಂದೆ. ನನಗೂ ದಾರಿ ಕಾಣವಲ್ದು.

೧೭ ಆಗಸ್ಟ್, ರವಿವಾರ

ಊಟಕ್ಕ ಕುಂತಾಗ ಮತ್ತ ಶುರು ಮಾಡಿದೆ. ಹೆಣ್ಣ ಕೊಡೂ ದಿನ ಖೊಟ್ಟಿ ಕೊಡಾಕ ನಾ ಜೀವಂತ ಇರೂತನಕ ಬಿಡಂಗಿಲ್ಲ ಅಂತ. ಸೌಜನ್ಯಾ ಅನ್ನದ ಸೌಟ ಇಟ್ಟು ಮೆಲ್ಲಕ ಕೇಳಿದ್ಲು:

"ಅತ್ತೀ, ದಸರಾಕ್ಕ ವರ್ಷಾ ವರ್ಷಾ ನೀವು ಬನ್ನಿ ಕೊಟ್ಟು, ಬಂಗಾರ ತಗೋರಿ ಅಂತೀರಲ್ಲ, ಅದು ಯಾವ ಗಿಡದ ಎಲಿರೀ?"

ಸೊಸಿಗೆ ಬಾಯಿ ಬಂದೈತಿ. ಊಟ ಸೇರಲಿಲ್ಲ.

೧೮ ಆಗಸ್ಟ್, ಸೋಮವಾರ

ಅದು ನಮ್ಮ ಓಣಿ ಮೂಲಿ ಮನಿ ಬೇಲೀದು. ಏನ ಗಿಡಾನೋ ದೇವರಿಗೆ ಗೊತ್ತು. ಇಲ್ಲಿ ಬನ್ನಿ ಎಲ್ಲಿ ಸಿಗಬೇಕು? ಎಲಿ ಸಣ್ಣ ಇತ್ತು, ಸಾಲಾಗಿ ಇತ್ತು, ಹರಕೊಂಡೆ. ಮೊದಲಿನ ವರ್ಷ ಆ ಮನಿ ಬಿಳಿ ಮುದುಕಿ ನನ್ನ ನೋಡಿ ಕಿಡಕಿ ತಗದ್ಲು. ಈಗ ದಸರಾ ಬಂತಂದ್ರ ಅಕೀನ ಕತ್ತರಿ ಕೊಡ್ತಾಳ. ಬನ್ನಿ ಅಲ್ಲದ್ದನ್ನ ಬನ್ನಿ ಅಂತ, ಬನ್ನೀನ ಬಂಗಾರ ಅಂತ ಕೊಟ್ಟೇನಿ. ಎರಡ ಪದರ ಖೊಟ್ಟಿ.

ಹಂಗಾದ್ರ ಯಾರಿಗರೆ ಮೋಸ ಆಗೇತೇನ? ಇಲ್ಲ. ತಗೊಂಡವರಿಗೂ ಅದು ಎಲಿ ಅಂತ ಗೊತ್ತು, ಕೊಟ್ಟಾಕಿಗೂ ಗೊತ್ತು. ಗೊತ್ತಿದ್ದ ಕೈಲೆ ಗೊತ್ತಿದ್ದ ಕೈಗೆ ಕೊಡೂದು. ನಮ್ಮಪ್ಪನ ವಾಚಿನ್ಯಾಗ ಕಮ್ಮಿ ಆಗಿದ್ದು ಅದ ಒಂದು.

ಶಂಕರ ಕೆಲಸದಿಂದ ಬಂದವಗ ಬೂಟ ಬಿಚ್ಚಾಕೂ ಬಿಡಲಿಲ್ಲ.

"ಆ ಕಂಪನಿ ಹೆಸರ ತಗದ ಒಗಿ. ಹೆಸರಿಲ್ಲದ ಮುಖ ಸಿಗತೈತೇನ?"

"ಸಿಗತೈತಿ. ಕೋರಾ ಮುಖ. ಯಾವ ಬಣ್ಣ ಬೇಕೋ ಅದು."

"ತರಸು. ಹೆಸರ ಇರೂ ಜಾಗಾದಾಗ ಒಂದು ಬನ್ನಿ ಎಲಿ ಇರಲಿ. ಕೊಡೂ ಮುಂದ ಎಲ್ಲಾರ ಎದುರಿಗೆ ಹೇಳೂಣ, ಇದನ್ನ ನಾವ ಮಾಡೇವಿ, ನಿನ್ನ ಕೈಯಾಗಿನದೂ ಮನ್ಯಾಗ ಮಾಡಿದ್ದು ಅಂತ."

"ಈಗ ಫೋನ್ ಮಾಡಿ ಹೇಳಿದ್ರ ಆಗಂಗಿಲ್ಲೇನವ್ವ?"

"ಬರೇ ಬಾಯಿಲೆ ಹೇಳಿದ್ರ ತಪ್ಪೊಪ್ಪಿಕೊಂಡಂಗ ಆಗತೈತಿ. ವಾಚು ಕೈಯಾಗ ಹಿಡದು ಹೇಳಿದ್ರ ಉಡುಗೊರಿ, ಆಹೇರ ಆಗತೈತಿ."

ಅವನ ಮಾರಿ ಅರಳ್ತು. ಸಣ್ಣಾವ ಇದ್ದಾಗ ಗಾಳಿಪಟ ಹಾರಿದ್ರ ಹಿಂಗ ಆಗ್ತಿತ್ತು. ಸೌಜನ್ಯಾಗ ನಾ ಏನೂ ಹೇಳಲಿಲ್ಲ. ಹೇಳೂದೇನೈತಿ ಅದರಾಗ. ಅಕಿ ತಾಟಿಗೆ ಒಂದು ಹೋಳಿಗಿ ಹೆಚ್ಚಿಗಿ ಹಾಕಿದೆ, ಅಷ್ಟ.

೩೧ ಆಗಸ್ಟ್, ರವಿವಾರ

ಮುಖ ಬಂದಾವ. ದಾಳಿಂಬರ ಬಣ್ಣ, ನನ್ನ ಇಳಕಲ್ ಸೀರಿ ತೋರಿಸಿ ಆರಸಿದ್ದು. ಎಲಿ ಯಾರ ಬರಿಯೂದು? ಶಂಕರ ನಾ ಅಂದ. ನಿಂದು ಗೋದಾಮಿನ ಕೈ, ಬಿಡು ಅಂದೆ.

ಸೂಜಿ ಮೊನಿಗೆ ಬಂಗಾರದ ಬಣ್ಣ ಹಚ್ಚಿ, ಉಸಿರ ಬಿಟ್ಟು, ಬಾಯಿ ಮುಚ್ಚಿ, ಇಟ್ಟೆ. ಮೊದಲನೇದು ಹಲ್ಲಿ ಆತು. ಬಾಲ ಸುದ್ಧಾ ಇತ್ತು. ಎರಡನೇದು ಸೌಜನ್ಯಾ ನೋಡಿ, "ಚಲೋ ಐತ್ರಿ ಅತ್ತಿ, ಮೆಂತ್ಯೆ ಪಲ್ಲೆ," ಅಂದ್ಲು. ಬೈಯಾಕ ಬಾಯಿ ತಗದೆ, ಬಣ್ಣ ಸೂಜಿ ಮ್ಯಾಲಿತ್ತು, ಮುಚ್ಚಿದೆ. ಆಮ್ಯಾಲೆ ನಗಿ ಬಂತು. ಖರೇನ ಮೆಂತ್ಯೆ ಇತ್ತದು.

೭ ಸೆಪ್ಟೆಂಬರ್, ರವಿವಾರ

ಮತ್ತ ಎರಡು ಕೆಟ್ಟುವು. ಒಂದಕ್ಕ ಸೀನಿದೆ.

೧೪ ಸೆಪ್ಟೆಂಬರ್, ರವಿವಾರ

ಬನ್ನಿ ಆತು!

೨೧ ಸೆಪ್ಟೆಂಬರ್, ರವಿವಾರ

ಇವತ್ತ ಮುಳ್ಳ ಕೂಡ್ರಿಸೂದು. ತಾಸಿನ ಮುಳ್ಳು, ನಿಮಿಷದ ಮುಳ್ಳು ಶಂಕರ ಕೂಡ್ರಿಸಿದ. ಸೆಕೆಂಡಿನ ಮುಳ್ಳು ಕೂದಲದಂಥಾದ್ದು, ಅದಕ್ಕ ಇರೂ ತೂತು ಕಣ್ಣಿಗೇ ಕಾಣಂಗಿಲ್ಲ. ಅವ ಇಟ್ಟ, ಸೊಟ್ಟ ಆತು. ತಿರುಗಿ ಇಟ್ಟ, ಹಾರ್ತು. "ಅವ್ವಾ, ನೀ ನೋಡು," ಅಂತ ಕುರ್ಚಿ ಬಿಟ್ಟು ಎದ್ದ. ಎರಡು ಸಲ ಜಾರಿಸಿದೆ. ಮೂರನೇ ಸಲ ಮೆಲ್ಲಕ ಒತ್ತಿದೆ. ಕುಂತ್ತು.

ಶಂಕರ ಕೀಲಿ ತಿರುವಿದ. ಆ ಕೂದಲ ಎದ್ದು ನಡೀತು, ಜಾತ್ರ್ಯಾಗ ಕೈ ಬಿಡಿಸ್ಕೊಂಡು ಓಡೂ ಕೂಸಿನಂಗ. ಕಿವಿಗಿಟ್ಟು ಕೇಳಿದೆ. ಸೌಜನ್ಯಾನ ಕಿವಿಗೂ ಇಟ್ಟೆ. ಮೂರೂ ಮಂದಿ ಆ ಸಣ್ಣ ಖೋಲ್ಯಾಗ ಕಿವಿ ಹಚ್ಚಿ ನಿಂತಿದ್ವಿ, ಚಾ ಆರಿ ಹೋತು.

ಚಿನ್ನದಂಗ ಓಡಾಕತ್ತೈತಿ. ಹಿಂದಿನ ಮುಚ್ಚಳಕ್ಕ ಒಂದು ರಬ್ಬರ್ ಬಳಿ ಬರಬೇಕಂತ, ನೀರ ಹೋಗದಂಗ. ಅದು ಬರೂತನಕ ಮುಚ್ಚಳ ಹಾಕಂಗಿಲ್ಲ, ಮ್ಯಾಲೆ ಒಂದು ಗಾಜಿನ ಬಟ್ಟಲ ಡಬ್ಬ ಹಾಕಿ ಇಡ್ತೀವಿ.

೧ ಅಕ್ಟೋಬರ್, ಬುಧವಾರ, ಮಹಾನವಮಿ

ನಾನ ಕೆಡಿಸಿದೆ.

ಖಂಡೇಪೂಜಿ ಇವತ್ತ. ಮನ್ಯಾಗಿನ ಆಯುಧಕ್ಕೆಲ್ಲಾ ಪೂಜಿ. ನಮ್ಮ ಮನ್ಯಾಗ ಕುಡಗೋಲು ಕುರಪಿ ಎಲ್ಲಿವು? ಈಳಿಗಿ ಇಟ್ಟೆ, ಶಂಕರನ ಕಾರಿನ ಚಾವಿ ಇಟ್ಟೆ. ಈ ವರ್ಷ ಸಣ್ಣ ಖೋಲಿ ಸಾಮಾನೂ ಎಲ್ಲಾ ತಂದು ಮಣಿ ಮ್ಯಾಲೆ ಹೊಂದಿಸಿದೆ. ಚಿಮಟಾ, ಸ್ಕ್ರೂಡ್ರೈವರ್, ಭೂತಗನ್ನಡಿ, ಗಾಳಿ ಊದೂ ರಬ್ಬರ್ ಚೆಂಡು. ನಡುವ ವಾಚು, ಬೆನ್ನ ಮ್ಯಾಲೆ ಮಾಡಿ. ಒಳಗಿನ ಚಕ್ರ ತಿರಗೂದು ದೇವರಿಗೂ ಕಾಣಲಿ ಅಂತ. ಎಲ್ಲಾದಕ್ಕೂ ಮೂರ ಬೆರಳಿನ ವಿಭೂತಿ ಎಳದೆ, ಕುಂಕುಮ ಏರಿಸಿದೆ. ವಾಚಿಗೂ ಎಳದೆ. ಕೈ ಎಷ್ಟ ಸರಳ ಆಡ್ತು ಅಂದ್ರ ಎರಡನೇ ಸಲಾನೂ ಎಳದೆ. ಊದಿನಕಡ್ಡಿ ಬೆಳಗಿ ಕೈ ಮುಗದು ನೋಡಿದ್ರ ಚಕ್ರ ನಿಂತಿತ್ತು.

ಬೂದಿ ಒಳಗ ಹೋಗೇತಿ. ಉದ್ದಕ್ಕೂ, ಎಲ್ಲಾ ಹಲ್ಲಿನ್ಯಾಗ.

ಶಂಕರ ಓಡಿ ಬಂದ. ನೋಡಿದ. ಏನೂ ಅನ್ಲಿಲ್ಲ, ಅವನ ಅಪ್ಪನಂಗ. ಬೈದಿದ್ರ ಚಲೋ ಇತ್ತು. "ತಡೀ ಅವ್ವಾ, ಈಗ ಬಿಚ್ಚಿ ನೋಡ್ತೇನಿ," ಅಂತ ಚಿಮಟಾಕ್ಕ ಕೈ ಹಾಕಿದ.

"ಮುಟ್ಟಬ್ಯಾಡ," ಅಂದೆ. ಪೂಜಿಗಿಟ್ಟ ಆಯುಧ ಇವತ್ತ ಕೆಲಸಕ್ಕ ಎತ್ತಬಾರದು. ನಾಳೆ ಮುಂಜಾನೆ ಮಂಗಳಾರತಿ ಆಗೂತನಕ ಅವಕ್ಕ ಸೂಟಿ. ನಮ್ಮಪ್ಪ ಮಳಿ ಬಂದ್ರೂ ಮಹಾನವಮಿ ದಿನ ಬಿತ್ತೂ ಕೂರಗಿ ಮುಟ್ಟಿದಾವ ಅಲ್ಲ.

"ನಾಳೆ ಹನ್ನೊಂದಕ್ಕ ಅವರು ಬರ್ತಾರವ್ವ!"

ನನಗೂ ಗೊತ್ತಿತ್ತು. ಆಗ ಸೌಜನ್ಯಾ ಬಂದು ಗಂಡನ ಕೈ ಹಿಡದು, "ಅತ್ತಿ ಹೇಳಿದಂಗ ಆಗಲಿ. ನಾಳೆ ನಸಿಕಿನ್ಯಾಗ ಎದ್ರಾತು," ಅಂದ್ಲು. ಆಮ್ಯಾಲೆ ನನಗ ಒಂದು ಕಪ್ಪು ಚಾ ತಂದು ಕೊಟ್ಟು, ಬಾಜೂಕ ಕುಂತ್ಲು.

೨ ಅಕ್ಟೋಬರ್, ಗುರುವಾರ, ದಸರಾ

ಗೆದ್ದೆ. ಮೊದಲ ಅದನ್ನ ಬರದು ಆಮ್ಯಾಲೆ ಉಳದದ್ದು.

ಮುಂಜಾನೆ ಮಂಗಳಾರತಿ ಮಾಡಿ ಆಯುಧ ಕೆಳಗ ಇಳಿಸಿದೆ. ಶಂಕರ ಗಾಳಿ ಊದಿ ನೋಡಿದ, ಮಷೀನು ಏಳಲಿಲ್ಲ. ಪೂರಾ ಬಿಚ್ಚಿ ತೊಳೀಬೇಕು, ಅದಕ್ಕ ಎರಡು ರವಿವಾರ ಬೇಕು ಅಂದ. ಬ್ಯಾರೆ ಮಷೀನು ಮನ್ಯಾಗ ಇಲ್ಲ.

"ಇಲ್ಲ?" ಅಂತ ಅವನ ಮುಂಗೈ ನೋಡಿದೆ.

ಅವನೂ ನೋಡಿಕೊಂಡ. ಅದ ವಾಚು, ಅವತ್ತ ಆ ನಗಿ ನಗಿಸಿದ್ದು. ಎರಡೂ ಒಂದ ಅಚ್ಚಿನವು, ಒಳಗೂ ಒಂದ ಮಷೀನು. ಅವನ ಕೈಯಾಗ ಅದು ಎಷ್ಟು ವರ್ಷದಿಂದ ಐತೋ, ಮೊದಲ ಮಾಡಿದ್ದಂತ ಅದು. ಬಿಚ್ಚಿ ನನ್ನ ಮುಂದ ಇಟ್ಟ.

"ತಗದಬಿಡು ಅವ್ವಾ ಅದರ ಜೀವ. ನನ್ನ ಕೈ ನಡಗಾಕತ್ತಾವ."

ಖರೇ, ನಡಗಾಕತ್ತಿದ್ದುವು. ಬೀಗರು ಬರೂ ದಿನ ಹೆಣ್ಣಿನ ಅಪ್ಪನ ಕೈ ನಡಗದ ಇನ್ಯಾರದು ನಡಗಬೇಕು? ಕುರ್ಚಿ ಮ್ಯಾಲೆ ನಾ ಕುಂತೆ. ಅವ ಹೇಳಿದ, ನಾ ಮಾಡಿದೆ. ಹಿಂದಿನ ಮುಚ್ಚಳ ಬಿಚ್ಚಿ, ಕೀಲಿ ಎಳದು, ಮಷೀನು ಹೊರಗ. ಆ ದೊಡ್ಡ ಹೆಸರಿನ ಮುಖ ಕಿತ್ತು ಬಾಜೂಕ ಇಟ್ಟೆ. ನನ್ನ ಬನ್ನಿ ಮುಖ ಒರಸಿ ಕೂಡ್ರಿಸಿದೆ. ತಾಸಿನ ಮುಳ್ಳು, ನಿಮಿಷದ ಮುಳ್ಳು. ಕೆಳಗ ಸೌಜನ್ಯಾ ಒಗ್ಗರಣಿ ಹಾಕಿದ್ದು ಘಮ್ಮಂತ ಬಂತು. ಸೀನು ಬರಾಕತ್ತಿತ್ತು. ಮೂಗಿಗೆ ಬೈದೆ, ಒಳಗಿಂದೊಳಗ. ಉಸಿರ ಬಿಟ್ಟೆ, ಬಾಯಿ ಮುಚ್ಚಿದೆ, ಸೆಕೆಂಡಿನ ಮುಳ್ಳು ಇಟ್ಟು ಒತ್ತಿದೆ. ಒಂದ ಸಲಕ್ಕ ಕುಂತ್ತು. ಹೊಸಾ ಕವಚದಾಗ ಇಟ್ಟು, ಹಳೇ ವಾಚಿನ ರಬ್ಬರ್ ಬಳಿ ಹಾಕಿ ಶಂಕರ ಮುಚ್ಚಳ ಬಿಗದ.

ಅಷ್ಟರಾಗ ಸೌಜನ್ಯಾ ಮೆಟ್ಲ ಮ್ಯಾಲೆ ನಿಂತು ಒದರಿದ್ಲು, ಸೀರಿ ಉಡಾಕ ಆಗವಲ್ದು, ಕೈಯಾಗ ಹೂರಣ ಐತಿ ಅಂತ. ಹೋಗಿ ಅಕಿ ನಿರಿಗಿ ಹಿಡದು ಸಿಗಿಸಿ ಬಂದೆ. ಇವರ ಕಾಲದಾಗ ಒಂದೂ ನೆಟ್ಟಗ ಬರಂಗಿಲ್ಲ.

ಹನ್ನೊಂದಕ್ಕ ಬಂದ್ರು. ಹೂವು, ಹಣ್ಣು, ಉಡಿ ತುಂಬೂದು ಎಲ್ಲಾ ಆತು. ಅಳಿಯಗ ಉಡುಗೊರಿ ಕೊಡೂ ಹೊತ್ತು. ತಾಟಿನ್ಯಾಗ ಬನ್ನಿ ಎಲಿ ಹಾಸಿ, ಮ್ಯಾಲೆ ವಾಚು ಇಟ್ಟು ನಾನ ಹಿಡದು ನಿಂತೆ. ಮಯೂರ ಮಾವನ ಬರೇ ಮುಂಗೈ ನೋಡಿ, "ಅಂಕಲ್, ನಿಮ್ಮ ವಾಚ್ ಎಲ್ಲಿ?" ಅಂದ. ಕೇಳಬೇಕಾದ್ದನ್ನ ಕೇಳಿದ ಮಗ.

ಶಂಕರ ಅಂಗಿ ತೋಳು ಎಳದು ಮುಂಗೈ ಮುಚ್ಚಿಕೊಂಡ. ನಾ ಎಂದ ಮುಚ್ಚಿಟ್ಟೇನಿ?

"ಅದರ ಜೀವ ತಗದು ಇದರಾಗ ಹಾಕೇವಪ್ಪ," ಅಂದೆ. "ನೀ ಅವತ್ತ ನೋಡಿದ್ದು ದೊಡ್ಡ ಕಂಪನೀದಲ್ಲ. ನಿಮ್ಮ ಮಾವ ಮ್ಯಾಲಿನ ಖೋಲ್ಯಾಗ ಕುಂತು ಮಾಡಿದ್ದು. ಅವತ್ತ ಹೇಳಾಕ ನಾಚಿದ. ಇದನ್ನ ನಾವಿಬ್ಬರೂ ಕೂಡಿ ಮಾಡೇವಿ, ಇದರ ಮ್ಯಾಲೆ ಮಂದಿ ಹೆಸರಿಲ್ಲ. ಈ ಎಲಿ ನಾ ಬರದೇನಿ. ಕೆಟ್ಟ್ರ ಅಂಗಡಿಗೆ ಒಯ್ಯಬ್ಯಾಡ, ಗ್ರೀನ್‌ಫರ್ಡ್‌ಗೆ ತಾ."

ಸತ್ಯನಾರಾಯಣ ಎದ್ದು ಬಂದ. ಆ ಮಾತಿಲ್ಲದ ಮನುಷ್ಯಾ ವಾಚು ಎತ್ತಿ, ಕನ್ನಡಕ ಹಣಿಗೇರಿಸಿ, ಕಣ್ಣಿನ ಹತ್ರ ಹಿಡದು ನೋಡಿದ. ಆಮ್ಯಾಲೆ ಎದಿಗೆ ಆಲಿಸೂ ಡಾಕ್ಟರಂಗ ಕಿವಿಗಿಟ್ಟು ಕಣ್ಣು ಮುಚ್ಚಿದ.

"ಈ ಕೂದಲಿನಂಥ ಮುಳ್ಳು ಕೂರಿಸಿದ್ದು ಯಾರು?"

"ನಾನ."

"ಕೈ ಮುರಿದಿತ್ತು ಅಂದ್ರಲ್ಲ ಅವತ್ತು?"

"ಯಾರ ಕೈ?" ಅಂದೆ. ಖರೇ, ಆ ಹೊತ್ತಿನ್ಯಾಗ ನನಗ ನೆನಪ ಆಗಲಿಲ್ಲ.

ನಾ ನೋಡಾಕತ್ತಿದ್ದು ವೈದೇಹೀನ್ನ. ಅಕಿ ತಾಟಿನ್ಯಾಗಿನ ಒಂದು ಎಲಿ ಎತ್ತಿ ತಿರುವಿ ಮುರುವಿ ನೋಡಿ, "ಇದು ಬನ್ನಿ ಥರ ಇಲ್ವಲ್ಲಾ, ಅಮ್ಮ?" ಅಂದ್ಲು.

"ಅಲ್ಲ. ನಮ್ಮ ಓಣಿ ಬೇಲೀದು."

"ಬನ್ನಿ ಅಂತ ಕೊಡ್ತೀರಾ?"

"ಬಂಗಾರ ಅಂತ ಕೊಡ್ತೇನಿ."

ಒಂದ ಗಳಿಗಿ ನನ್ನ ಮಾರಿ ನೋಡಿದ್ಲು. ಆಮ್ಯಾಲೆ ನಕ್ಲು. ತುಪ್ಪದಾಗ ಅದ್ದಿದ ನಗಿ ಅಲ್ಲ, ಹೊಟ್ಟ್ಯಾಗಿಂದ ಎದ್ದದ್ದು. ಬಿದ್ದು ಬಿದ್ದು ನಕ್ಕು, ಸೆರಗಿಲೆ ಕಣ್ಣ ಒರಸಿಕೊಂಡು ಅಂದ್ಲು, "ನಾನು ನಮ್ಮ ಆಸ್ಪತ್ರೇಲಿ ಎಲ್ರಿಗೂ ಹೇಳಿಬಿಟ್ಟಿದೀನಿ, ಬೀಗ್ರು ಆ ವಾಚು ಕೊಡ್ತಾರೆ ಅಂತ! ಈಗ ಇದರ ಕಥೆ ಹೇಳ್ತೀನಿ, ಅವರು ಇನ್ನೂ ಕಾಯ್ಲಿ." ಆ ಎಲೀನ ನನ್ನ ಕೈಯಾಗ ಇಟ್ಲು. "ಬಂಗಾರದ ಹಾಗೆ ಇರೋಣ ಅಮ್ಮ. ಹೀಗೇ ತಾನೆ ಹೇಳೋದು ನಿಮ್ಮ ಕಡೆ?"

"ಬನ್ನಿ ತಗೊಂಡು ಬಂಗಾರದಂಗ ಇರೂಣ," ಅಂತ ತಿದ್ದಿದೆ. ಬೀಗತಿ ಆದ್ರೂ ತಪ್ಪ ಅಂದ್ರ ತಪ್ಪ.

ಮಯೂರ ತನ್ನ ಕೈಯಾಗಿದ್ದ ವಾಚು ಬಿಚ್ಚಿ ಜೇಬಿಗೆ ಹಾಕಿದ. ಭುವಿ ನಮ್ಮದನ್ನ ಕಟ್ಟಿದ್ಲು. ಶಂಕರ ಕಿಡಕಿ ಕಡೆ ತಿರುಗಿ ನಿಂತಿದ್ದ. ಸೌಜನ್ಯಾ ನನ್ನ ಬಾಜೂಕ ಬಂದು, "ಮೆಂತ್ಯೆ ಪಲ್ಲೆ ಚಲೋ ಕಾಣಾಕತ್ತೈತಿ ಅತ್ತಿ," ಅಂತ ಕಿವ್ಯಾಗ ಅಂದ್ಲು. ಚಿವುಟಿದೆ. ಅಕಿ ಹೋಯ್ ಅಂದ್ಲು, ಎಲ್ಲಾರೂ ನೋಡಿದ್ರು.

೧೩ ಅಕ್ಟೋಬರ್, ಸೋಮವಾರ

ದವಾಖಾನಿ ಹುಡುಗಿ ತನ್ನ ಬೆರಳ ಒತ್ತರಿ ಅಂದ್ಲು. ಒತ್ತಿದೆ. ಅಕೀನ ಕೈ ಎಳಕೊಂಡ್ಲು. ಪೂರಾ ಆರಾಮ, ಇನ್ನ ದಿನಾ ಬರಿಯೂ ಜರೂರಿ ಇಲ್ಲ ಅಂದ್ಲು. ಬರಿಯೂದು ಬ್ಯಾಡ ಅನ್ನಾಕ ಅಕಿ ಯಾರು? ಅಕಿನ್ನ ಕೇಳಿ ಬರಿಯಾಕತ್ತೇನೇನ ನಾ?

ಶಂಕರನ ಖಾಲಿ ಕವಚಕ್ಕ ಹೊಸಾ ಮಷೀನು ಬಂದೈತಿ. ಅವಗ ನೀಲಿ ಮುಖ ಬೇಕಂತ, ಎಲಿ ಬರದಿಟ್ಟೇನಿ. ಸೌಜನ್ಯಾಗ ಹಸರು. ಅಕಿದರ ಮ್ಯಾಲೆ ಬೇಕಂತ ಮೆಂತ್ಯೆ ಬರದೇನಿ.

ಸಂಜಿಕ ಭುವಿ ಫೋನ್ ಮಾಡಿದ್ಲು, ನಿನ್ನೆ ರವಿವಾರ ಪಿನ್ನರ್‌ಗೆ ಊಟಕ್ಕ ಹೋಗಿದ್ಲಂತ. ಮಯೂರ ಉಂಡ ತಾಟು ಎತ್ತದ ಫೋನ್ ಹಿಡದು ಕುಂತಿದ್ದನಂತ. ವೈದೇಹಿ ಅಡಿಗಿಮನ್ಯಾಗಿಂದ ಒದರಿದ್ಲಂತ:

"ಏಳೋ! ಅಜ್ಜಿ ಕೊಟ್ಟ ವಾಚು ಓಡ್ತಾ ಇದೆ, ನೀನೊಬ್ಬನೇ ನಿಂತಿರೋದು!"

ಭುವಿಗೆ ನಾ ಯಾಕ ಅಷ್ಟ ನಕ್ಕೆ ಅಂತ ತಿಳೀಲಿಲ್ಲ. ಇನ್ನೊಂದ ಸಲ ಹೇಳು ಅಂದೆ. ಹೇಳಿದ್ಲು. ಮತ್ತೊಂದ ಸಲ ಹೇಳಿಸಿದೆ.

ನಮ್ಮಪ್ಪ ಇರಬೇಕಿತ್ತು ಕೇಳಾಕ.